ಬನ್ನೂರಿನಿಂದ ವಾಪಸ್ ಬಂದ ಸೀರೆಗಳು

ನಂಜನಗೂಡು
14 ಮಾರ್ಚ್ 2007

ಶ್ರೀ ಪುಟ್ಟರಾಜು ಅವರಿಗೆ,

ನಮಸ್ಕಾರಗಳು. ನೀವು ಇಂಟರ್‌ನೆಟ್ಟಿನಲ್ಲಿ ನಮ್ಮಿಂದ ಕೊಂಡು ವಾಪಸ್ ಕಳಿಸಿದ ಕುಂಕುಮ ಬಣ್ಣದ ರೇಷ್ಮೆ ಸೀರೆ ನಿನ್ನೆ ಕೊರಿಯರ್‌ನಲ್ಲಿ ಬಂದು ಮುಟ್ಟಿತು. ದೀಪಾವಳಿಗೆ ಒಂದು ತರಿಸಿದಿರಿ, ವಾಪಸ್ ಬಂತು. ಸಂಕ್ರಾಂತಿಗೆ ಇನ್ನೊಂದು, ಅದೂ ಬಂತು. ಈಗ ಇದು. ಮೂರಕ್ಕೂ ಒಂದೇ ಕಾರಣ ಕೊಟ್ಟಿದ್ದೀರಿ: ಬಣ್ಣ ಇಷ್ಟವಾಗಲಿಲ್ಲ.

ಮಾರಾಟದ ವೆಬ್‌ಸೈಟಿನವರಿಗೆ ದೂರು ಬರೆದೆ. ಅವರ ಉತ್ತರ ಯಾವಾಗಲೂ ಒಂದೇ. ಗ್ರಾಹಕರ ತೃಪ್ತಿಯೇ ನಮಗೆ ಮುಖ್ಯ, ನಿಮ್ಮ ಸಹಕಾರಕ್ಕೆ ವಂದನೆಗಳು. ಅದನ್ನು ಮನುಷ್ಯರು ಬರೆಯುತ್ತಾರೋ ಇಲ್ಲವೋ ನನಗೆ ತಿಳಿಯದು. ನಿಮ್ಮ ವಿಳಾಸ ಪಾರ್ಸಲ್ಲಿನ ಮೇಲೆ ನಾನೇ ಬರೆದದ್ದು, ನೆನಪಿತ್ತು. ಅದಕ್ಕೇ ನೇರವಾಗಿ ಈ ಕಾಗದ.

ಸೀರೆಯನ್ನು ಯಾರೋ ಉಟ್ಟಿದ್ದಾರೆ. ನಾನು ಮಡಿಸಿ ಕಳಿಸುವ ಮಡಿಕೆಯೇ ಬೇರೆ, ಬಂದಿರುವ ಮಡಿಕೆಯೇ ಬೇರೆ. ಒಡಲಿನಲ್ಲಿ ನೆರಿಗೆ ಹಿಡಿದ ಗುರುತಿದೆ. ಸೆರಗು ಹೆಗಲ ಮೇಲೆ ಕೂರುವ ಕಡೆ ಪಿನ್ನು ಚುಚ್ಚಿದ ತೂತಿದೆ. ಪೌಡರಿನ ವಾಸನೆ ಇನ್ನೂ ಹೋಗಿಲ್ಲ. ಹಿಂದಿನ ಎರಡರಲ್ಲೂ ಹೀಗೇ ಇತ್ತು, ಆಗ ಸುಮ್ಮನಿದ್ದೆ.

ಇಂಥವರನ್ನು ನಾನು ಬಹಳ ನೋಡಿದ್ದೇನೆ. ಒಬ್ಬರು ಆರತಕ್ಷತೆ ಮುಗಿಸಿ ಸೀರೆ ವಾಪಸ್ ಕಳಿಸಿದರು, ಮಡಿಕೆ ಬಿಡಿಸಿದರೆ ಅಕ್ಷತೆ ಉದುರಿತು. ಇನ್ನೊಬ್ಬರು ಡಬ್ಬಿಯಲ್ಲಿ ತಮ್ಮ ಹಳೆಯ ಸೀರೆಯನ್ನಿಟ್ಟು ನನ್ನದನ್ನು ಇಟ್ಟುಕೊಂಡರು. ವೆಬ್‌ಸೈಟಿನವರು ಇಬ್ಬರ ಪರವಾಗಿಯೇ ತೀರ್ಪು ಕೊಟ್ಟರು. ಅಪ್ಪಟ ಜರಿಯ ಸೀರೆ ಒಮ್ಮೆ ಉಟ್ಟರೆ ಹೊಸದಾಗಿ ಮಾರಲು ಬರುವುದಿಲ್ಲ. ಹಳೆಯದಾಗಿ ಕೊಳ್ಳುವವರು ಯಾರೂ ಇಲ್ಲ.

ನಿಮ್ಮ ಮನೆಯ ಮದುವೆಗಳಿಗೆ ಸೀರೆ ಬೇಕಾದರೆ ಅಂಗಡಿಗೆ ಹೋಗಿ ಕೊಳ್ಳಿ. ಇನ್ನು ನಮ್ಮಲ್ಲಿ ತರಿಸಬೇಡಿ.

ಸರ್ವಮಂಗಳಾ ಸಿಲ್ಕ್ಸ್ ಪರವಾಗಿ

•

ತಿ. ನರಸೀಪುರ
2 ಏಪ್ರಿಲ್ 2007

ಮಾನ್ಯ ಮಾಲೀಕರಿಗೆ,

ತಮ್ಮ ಪತ್ರ ತಲುಪಿತು. ಕಳ್ಳ ಎಂಬ ಮಾತನ್ನು ತಾವು ಬರೆದಿಲ್ಲ, ಬರೆದಿದ್ದರೂ ಇಷ್ಟೇ ನೋವಾಗುತ್ತಿತ್ತು.

ನಾನು ಈ ಊರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಾಗದದ ತಲೆಯ ಮೇಲೆ ಅಂಗಡಿಯ ಹೆಸರಿದೆ. ಬನ್ನೂರು, ಮೂಗೂರು, ಸೋಸಲೆ ಕಡೆಯ ರೈತರನ್ನು ಯಾರನ್ನಾದರೂ ಕೇಳಿ, ಪುಟ್ಟರಾಜು ಎಂಥವನೆಂದು ಹೇಳುತ್ತಾರೆ. ಮಾಲು ತರಿಸಲು ಅಂಗಡಿಗೆ ಕಂಪ್ಯೂಟರ್ ಹಾಕಿಸಿದೆ, ಅದರಲ್ಲೇ ತಮ್ಮ ಸೀರೆಗಳನ್ನು ನೋಡಿದ್ದು.

ನಮ್ಮ ಮನೆಯಲ್ಲಿ ಈಚೆಗೆ ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಸೀರೆ ಉಡುವವರೇ ಈ ಮನೆಯಲ್ಲಿ ಯಾರೂ ಇಲ್ಲ. ತಮ್ಮ ಸೀರೆಗಳನ್ನು ಯಾರೂ ಉಟ್ಟಿಲ್ಲ. ಡಬ್ಬಿಯನ್ನು ಕೂಡ ಬಿಚ್ಚಿಲ್ಲ. ಇದನ್ನು ನಾನು ದೇವರ ಮುಂದೆ ಹೇಳಬಲ್ಲೆ.

ತಮ್ಮಂಥ ದೊಡ್ಡ ಕಂಪನಿಯವರಿಗೆ ಒಂದೆರಡು ಸೀರೆ ಏನು ಮಹಾ. ತಮ್ಮ ಕೆಲಸದವರು ಯಾರಾದರೂ ಗೋಡೌನಿನಲ್ಲಿ ಬಿಚ್ಚಿ ನೋಡಿರಬೇಕು. ಇಲ್ಲವೇ ಫೋಟೋಗಾಗಿ ಉಟ್ಟು ನಿಂತಿರುವ ಆ ಹೆಣ್ಣುಮಗಳನ್ನು ವಿಚಾರಿಸಿ. ಮುಖ ಇಲ್ಲದೆ ಕತ್ತಿನಿಂದ ಕೆಳಗೆ ಮಾತ್ರ ತೋರಿಸಿದ್ದೀರಿ, ಬಹುಶಃ ತಮ್ಮ ಮನೆಯವರೇ ಇರಬೇಕು.

ಇಂತಿ,
ಪುಟ್ಟರಾಜು

•

ನಂಜನಗೂಡು
9 ಏಪ್ರಿಲ್ 2007

ಪುಟ್ಟರಾಜು ಅವರಿಗೆ,

ಉಡುವವರೇ ಇಲ್ಲದ ಮನೆಗೆ ಮೂರು ಸೀರೆ ಯಾಕೆ ತರಿಸಿದಿರಿ? ಸುಳ್ಳು ಹೇಳುವವರು ಸ್ವಲ್ಪ ಯೋಚಿಸಿ ಹೇಳಬೇಕು.

ನಿಮ್ಮ ದೊಡ್ಡ ಕಂಪನಿಯ ವಿಚಾರ ಹೇಳುತ್ತೇನೆ. ಕಂಪನಿ ಎಂದರೆ ನಾನು. ಗೋಡೌನು ಎಂದರೆ ನಮ್ಮ ಅಮ್ಮ ಮಲಗುತ್ತಿದ್ದ ಕೋಣೆ. ಅಮ್ಮ ಹೋದ ಮೇಲೆ ಮಂಚ ಖಾಲಿಯಾಯಿತು, ಅದರ ಮೇಲೆ ಸೀರೆ ಜೋಡಿಸಿಟ್ಟಿದ್ದೇನೆ. ನಾನು ತಾಂಡ್ಯದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅದು ಮುಚ್ಚಿದಾಗ ಅಲ್ಲಿಯ ಒಂದು ಕಂಪ್ಯೂಟರನ್ನು ಕೊಂಡು ತಂದೆ. ಮದುವೆಯಾಗಿಲ್ಲ. ಅಣ್ಣ ನಂಜೇಶ್ ಚಿಕ್ಕಯ್ಯನಛತ್ರದಲ್ಲಿ ಬೇಸಾಯ ನೋಡಿಕೊಂಡಿದ್ದಾನೆ. ಬಂದಾಗಲೆಲ್ಲ, "ಕಂಡೋರ್ ಮನೆಗೆ ಸೀರೆ ಉಡ್ಸೋದು ಬುಟ್ಟು ನಮ್ಮನೆಗೆ ಬಂದು ಇರು" ಎನ್ನುತ್ತಾನೆ.

ಫೋಟೋದಲ್ಲಿರುವ ಹೆಣ್ಣುಮಗಳೂ ನಾನೇ. ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು, ಟೈಮರ್ ಹಾಕಿ ಓಡಿ ಬಂದು ನಿಲ್ಲುತ್ತೇನೆ. ತಲೆಯನ್ನು ಆಮೇಲೆ ಕತ್ತರಿಸುತ್ತೇನೆ. ಆದರೆ ಫೋಟೋಗೆಂದೇ ಪ್ರತಿ ಬಗೆಯಲ್ಲೂ ಒಂದು ಸೀರೆಯನ್ನು ಬೇರೆ ಇಟ್ಟಿರುತ್ತೇನೆ, ಅದನ್ನು ಮಾರುವುದಿಲ್ಲ. ಪಿನ್ನಂತೂ ಚುಚ್ಚುವುದೇ ಇಲ್ಲ.

ನಿಮ್ಮ ಅಂಗಡಿಯಲ್ಲಿ ಕೊಂಡ ಬೇರಿಂಗನ್ನು ಗಾಡಿಗೆ ಹಾಕಿ, ಕಬ್ಬು ಸಾಗಿಸಿ, ಗ್ರೀಸ್ ಒರೆಸಿ ತಂದು ಕೊಟ್ಟರೆ ನೀವು ತೆಗೆದುಕೊಳ್ಳುತ್ತೀರಾ? ಅದಕ್ಕೆ ಮಾತ್ರ ಉತ್ತರ ಬರೆಯಿರಿ. ಬೇರೆ ಏನೂ ಬೇಡ.

ಸರ್ವಮಂಗಳಾ

•

ತಿ. ನರಸೀಪುರ
22 ಜುಲೈ 2007

ಸರ್ವಮಂಗಳಾ ಮೇಡಂ ಅವರಿಗೆ,

ಬೇರಿಂಗನ್ನು ತೆಗೆದುಕೊಳ್ಳುವುದಿಲ್ಲ. ತಾವು ಬರೆದದ್ದು ಸರಿ.

ಉತ್ತರ ತಡವಾಯಿತು. ಒಬ್ಬ ಹೆಂಗಸಿಗೆ ಹಾಗೆಲ್ಲ ಬರೆದೆನಲ್ಲ ಎಂದು ಬೇಸರವಾಗಿ ಎರಡು ಮೂರು ಸಲ ಬರೆದು ಹರಿದೆ. ಸೀರೆ ಉಡುವವರು ಇಲ್ಲ ಎಂದು ಬರೆದದ್ದು ಸುಳ್ಳಲ್ಲ. ನಮ್ಮ ಮನೆಯವರು ಸಾಕಮ್ಮ ಎಂದು. ಅವರು ಬನ್ನೂರಿನಲ್ಲಿ ಅವರ ತಂದೆ ಚೆಲುವಯ್ಯನವರ ಮನೆಯಲ್ಲಿದ್ದಾರೆ. ಮಾವನವರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ನೋಡಿಕೊಳ್ಳುವುದಕ್ಕೆಂದು ಹೋದವರು ಬರಲಿಲ್ಲ. ನಮ್ಮ ಮಗಳು ವಾಣಿಯ ಮದುವೆ ಆದ ವರ್ಷವೇ ಹೋದದ್ದು. ಜಗಳ ಏನೂ ಆಗಿಲ್ಲ. ಜಗಳವಾಗಿದ್ದರೆ ಹೋಗಿ ಸಮಾಧಾನ ಮಾಡಬಹುದಿತ್ತು. "ಮನೆಯೋರು ಎಲ್ಲಿ" ಎಂದು ಕೇಳಿದವರಿಗೆಲ್ಲ, "ಮಾವುನ್ಗೆ ಉಸಾರಿಲ್ಲ" ಎಂದು ಹೇಳಿ ಹೇಳಿ ಅದೇ ನಿಜವಿರಬೇಕೆಂದು ನನಗೂ ಅನ್ನಿಸುತ್ತದೆ.

ಅವಳಿಗೆ ಸೀರೆಯ ಆಸೆಯಿತ್ತು. ಅದು ನನಗೆ ಗೊತ್ತು. ಹಬ್ಬಕ್ಕೊಂದು ಒಳ್ಳೆಯದನ್ನು ಆರಿಸಿ, ಆ ಕಡೆಯಿಂದ ಅಂಗಡಿಗೆ ಬರುವವರ ಕೈಲಿ ಕೊಟ್ಟು ಕಳಿಸಿದೆ. ಪ್ರತಿ ಸಲವೂ ಬೇರೊಬ್ಬರ ಕೈಲಿ ವಾಪಸ್ ಬಂತು. ಒಂದು ಮಾತೂ ಇಲ್ಲ. ಡಬ್ಬಿ ಬಿಚ್ಚದೆಯೇ ತಿರುಗಿಸಿದಳೆಂದು ತಿಳಿದೆ. ಬಿಚ್ಚಿದ್ದರೆ ಇಟ್ಟುಕೊಳ್ಳುತ್ತಿದ್ದಳು, ಅಷ್ಟು ಒಳ್ಳೆಯ ಸೀರೆಗಳು ಅವು. ನನ್ನ ಕೈಲಿ ಇಟ್ಟುಕೊಳ್ಳಲಾಗದೆ ತಮಗೆ ಕಳಿಸಿದೆ. ಮನೆಯಲ್ಲಿದ್ದರೆ ಬೀರು ತೆಗೆದಾಗಲೆಲ್ಲ ಕಾಣುತ್ತದೆ.

ಒಂದು ಕೋರಿಕೆ. ಇನ್ನೊಂದೇ ಒಂದು ಸೀರೆ ಕೊಡಿ. ಕೆಂಪು, ದೊಡ್ಡ ಅಂಚಿನದು, ತಮ್ಮಲ್ಲಿರುವುದರಲ್ಲೆಲ್ಲ ಉತ್ತಮವಾದದ್ದು. ಹಣ ಕಳಿಸಿದ್ದೇನೆ, ತಾವೇ ನೇರವಾಗಿ ಬನ್ನೂರಿಗೆ ಕಳಿಸಿ. ಅಂಗಡಿಯಿಂದಲೇ ಬಂದದ್ದು ಎಂದರೆ ಇಟ್ಟುಕೊಂಡಾಳು. ಸಾಕಮ್ಮ, ಚೆಲುವಯ್ಯನವರ ಮನೆ, ಹಾಲಿನ ಡೈರಿ ಹಿಂಭಾಗ, ಬನ್ನೂರು. ಇದೂ ವಾಪಸ್ ಬಂದರೆ ತಮಗೆ ತಿರುಗಿಸುವುದಿಲ್ಲ, ಮಾತು ಕೊಡುತ್ತೇನೆ.

ತಮ್ಮ,
ಪುಟ್ಟರಾಜು

•

ನಂಜನಗೂಡು
19 ಆಗಸ್ಟ್ 2007

ಪುಟ್ಟರಾಜು ಅವರಿಗೆ,

ಸೀರೆಯನ್ನು ಕೊರಿಯರ್‌ಗೆ ಹಾಕಲಿಲ್ಲ. ನಾನೇ ಬಸ್ಸು ಹತ್ತಿ ಬನ್ನೂರಿಗೆ ತೆಗೆದುಕೊಂಡು ಹೋದೆ. ನಿಮ್ಮ ಕಾಗದದಲ್ಲಿದ್ದದ್ದು ನಿಜವೋ ಕಥೆಯೋ ನೋಡಿಯೇ ಬಿಡೋಣ ಎಂಬ ಸಿಟ್ಟು ಆಗಲೂ ಪೂರ್ತಿ ಇಳಿದಿರಲಿಲ್ಲ. ದಾರಿಯಲ್ಲಿ ನರಸೀಪುರದಲ್ಲಿ ಬಸ್ಸು ನಿಂತಾಗ ನಿಮ್ಮ ಅಂಗಡಿಯ ಬೋರ್ಡು ಕಂಡಿತು. ಬೆಲ್ಟುಗಳು ತೂಗುಹಾಕಿದ್ದರ ಹಿಂದೆ ಬಿಳಿ ಅಂಗಿಯವರೊಬ್ಬರು ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದರು. ಎದುರಿಗೆ ಯಾರೋ ಮಾತಾಡುತ್ತಿದ್ದರೂ ಅವರು ರಸ್ತೆ ನೋಡುತ್ತಿದ್ದರು. ನೀವೇ ಇರಬೇಕು. ಇಳಿಯಲಿಲ್ಲ.

ಸಾಕಮ್ಮನವರು ಹಸುವಿಗೆ ಹಿಂಡಿ ಕಲೆಸುತ್ತಿದ್ದರು. ಸರ್ವಮಂಗಳಾ ಸಿಲ್ಕ್ಸ್ ಎಂದ ತಕ್ಷಣ ಕೈ ತೊಳೆದುಕೊಂಡು ಬಂದರು.

"ಕುಂತ್ಕಳಿ. ನೀವು ಅಂಗ್ಡಿಯೋರ್ ಕಡೆಯೋರಾ?"

"ಅಂಗಡಿಯೇ ನಾನು" ಎಂದೆ. ಪಿನ್ನಿನ ತೂತಿನ ವಿಷಯ ಕೇಳಿಬಿಟ್ಟೆ. ಅಷ್ಟು ದೂರ ಹೋಗಿ ಸುತ್ತಿ ಬಳಸಿ ಮಾತಾಡಲು ನನಗೆ ಬರಲಿಲ್ಲ. ಅವರು ಒಳಗೆ ಮಲಗಿದ್ದ ತಂದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಾನೇ ಉಟ್ಕಂಡಿದ್ದೆ ಕಣವ್ವ. ಮೂರ್ನೂವೆ. ನಮ್ಮಪ್ಪ ಮಧ್ಯಾನ್ದಲ್ಲಿ ಮಲೀಕಂಡಾಗ ಬಾಗ್ಲಾಕ್ಕಂಡು ಉಟ್ಕತೀನಿ. ಮೊಕಕ್ಕೆ ಪೌಡ್ರಾಕ್ಕಂಡು ಕನ್ನಡಿ ಮುಂದೆ ಒಸಿ ವೊತ್ತು ನಿಂತಿರ್ತೀನಿ. ಆಮೇಕೆ ಬಿಚ್ಚಿ ಮಡ್ಚಿ ಡಬ್ಬಿಗಾಕ್ತೀನಿ."

"ಅಷ್ಟು ಇಷ್ಟವಾದರೆ ಇಟ್ಟುಕೊಳ್ಳಬಹುದಿತ್ತಲ್ಲ?"

ಅವರು ಒಲೆಯ ಹತ್ತಿರ ಹೋದರು. ಕಾಫಿ ಇಟ್ಟರು. ಬೆನ್ನು ತಿರುಗಿಸಿ ನಿಂತೇ ಹೇಳಿದರು. ನಿಮ್ಮ ಮಗಳ ಮದುವೆಗೆ ಅವರಿಗೆಂದು ಒಂದು ರೇಷ್ಮೆ ಸೀರೆ ಬಂದಿತ್ತಂತೆ. ಚಪ್ಪರದ ದಿನ ನಿಮ್ಮ ತಂಗಿ ಮುಖ ಊದಿಸಿಕೊಂಡರೆಂದು ನೀವು ಅದನ್ನು ತೆಗೆದು ತಂಗಿಗೆ ಕೊಟ್ಟಿರಂತೆ. ಅವರು ಹಳೆಯದನ್ನುಟ್ಟು ಧಾರೆ ಎರೆದರಂತೆ.

"ಸೀರೆಗೋಸ್ಕರ ಯಾರಾದ್ರೂ ಮನೆ ಬುಡ್ತಾರಾ? ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳ್ನಿಲ್ಲ. ಹೊಲ ಮಾರೋವಾಗ್ಲೂ ಕೇಳ್ನಿಲ್ಲ, ಮಗೀಗೆ ಗಂಡು ನೋಡೋವಾಗ್ಲೂ ಕೇಳ್ನಿಲ್ಲ. ಇಲ್ಗೆ ಬಂದ ಮ್ಯಾಲೆ 'ಯಾಕ್ ಬರ್ನಿಲ್ಲ' ಅಂತ್ಲೂ ಕೇಳ್ನಿಲ್ಲ. ಸೀರೆ ಕಳಿಸ್ತಾರೆ. ಯಾವ್ ಬಣ್ಣ ಬೇಕು ಅಂತಾನಾದ್ರೂ ಒಂದ್ಸಲ ಕೇಳ್ಬೌದಿತ್ತು. ಬರೀ ಕೆಂಪು ಕಳಿಸ್ತಾರೆ."

ಕಾಫಿ ಕೊಟ್ಟು ಎದುರಿಗೆ ಕೂತರು. "ನಿಮ್ಗೆ ನಷ್ಟ ಆಯ್ತದೆ ಅಂತ ನಂಗೊತ್ತಿರ್ನಿಲ್ಲ. ದೊಡ್ಡಂಗ್ಡಿ ಅಂದ್ಕಂಡಿದ್ದೆ. ನಾ ಉಟ್ಕಂಡಿದ್ದು ಅವ್ರಿಗೆ ಯೋಳ್ಬ್ಯಾಡಿ. ಯೋಳಿದ್ರೆ ಗೆದ್ಬುಟ್ಟೆ ಅಂದ್ಕತಾರೆ."

ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಹೇಳಿದೆ. ಕೆಂಪು ಸೀರೆಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಹೊರಟಾಗ ಡೈರಿಯವರೆಗೂ ಜೊತೆಯಲ್ಲಿ ಬಂದರು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಮದುವೆಗೆ ಉಟ್ಟುಬಂದ ಸೀರೆಗೆ ಊಟದ, ಹೂವಿನ, ಬೆವರಿನ ವಾಸನೆಯಿರುತ್ತದೆ. ನಿಮ್ಮ ಮೂರು ಸೀರೆಗೂ ಪೌಡರಿನ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಯಾರೂ ನೋಡದ ಹಾಗೆ ಉಟ್ಟು ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ತಿಳಿಯಲಿಲ್ಲ. ಸಿಟ್ಟಿನಲ್ಲಿದ್ದೆ.

ಇಷ್ಟನ್ನೂ ಬರೆದಾಯಿತು. ಬರೆಯದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಹೇಳಿಕೊಳ್ಳಲು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದರೆ ಅವರಿಗೆ ಮಾತು ಕೊಟ್ಟಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಬೇರೆಯದನ್ನು ಬರೆಯುತ್ತೇನೆ.

•

ನಂಜನಗೂಡು
20 ಆಗಸ್ಟ್ 2007

ಪುಟ್ಟರಾಜು ಅವರಿಗೆ,

ನಮಸ್ಕಾರಗಳು. ಕೆಂಪು ಸೀರೆಯನ್ನು ನಾನು ಸಾಕಮ್ಮನವರಿಗೆ ಕೊಡಲಿಲ್ಲ. ಅದರ ಹಣ ನಿಮಗೆ ವಾಪಸ್ ಬರುತ್ತದೆ. ಹಿಂದಿನ ಮೂರು ಸೀರೆಗಳ ಬಗ್ಗೆ ಇನ್ನು ನನ್ನ ತಕರಾರಿಲ್ಲ. ಯಾಕೆಂದು ಕೇಳಬೇಡಿ.

ನಿಮ್ಮಿಂದ ಒಂದು ವಿಷಯ ತಿಳಿಯಬೇಕು. ವ್ಯಾಪಾರಕ್ಕೆ ಇದು ಬೇಕೇ ಬೇಕು. ನಿಮ್ಮ ಮನೆಯವರಿಗೆ ಯಾವ ಬಣ್ಣ ಇಷ್ಟ? ತಿಳಿಸಿದರೆ ಅಂಥದ್ದನ್ನೇ ಹುಡುಕಿ ಕೊಡುತ್ತೇನೆ.

ಸರ್ವಮಂಗಳಾ

•

ತಿ. ನರಸೀಪುರ
16 ಡಿಸೆಂಬರ್ 2007

ಸರ್ವಮಂಗಳಾ ಮೇಡಂ ಅವರಿಗೆ,

ತಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಕೆಂಪು ಎಂದು ಬರೆಯಲು ಪೆನ್ನು ತೆಗೆದೆ. ಆಮೇಲೆ ಅದು ನನಗೆ ಯಾರು ಹೇಳಿದ್ದು ಎಂದು ಯೋಚಿಸಿದೆ. ಯಾರೂ ಹೇಳಿರಲಿಲ್ಲ. ಮುತ್ತೈದೆಯರಿಗೆ ಕೆಂಪು ಎಂದು ನಾನೇ ಅಂದುಕೊಂಡದ್ದು. ವಾಣಿಗೆ ಫೋನ್ ಮಾಡಿದೆ. "ಅಮ್ಮನ್ನೇ ಕೇಳಪ್ಪ" ಎಂದು ಇಟ್ಟುಬಿಟ್ಟಳು. ಮನೆಯ ಬೀರುವಿನಲ್ಲಿ ಅವಳ ಹಳೆಯ ಸೀರೆಗಳಿವೆ, ತೆಗೆದು ನೋಡಿದೆ. ಎಲ್ಲವೂ ನಾನು ತಂದವೇ.

ಬನ್ನೂರಿಗೆ ಹೊರಡಲು ಬಹಳ ದಿನ ಹಿಡಿಯಿತು. ಹೊರಟಾಗಲೆಲ್ಲ ಅಂಗಡಿಗೆ ಯಾರೋ ಬರುತ್ತಿದ್ದರು, ಅದೇ ನೆಪ. ಕೊನೆಗೆ ಮೊನ್ನೆ ಗುರುವಾರ ಬರಿಗೈಯಲ್ಲಿ ಹೋದೆ. ಮಾವನವರು ನನ್ನನ್ನು ಗುರುತು ಹಿಡಿದು ಅತ್ತರು. ಅವಳು ನೀರು ತಂದುಕೊಟ್ಟಳು. ಬಹಳ ಹೊತ್ತು ಹಸುವಿನ ವಿಷಯ ಮಾತಾಡಿದೆವು. ಆಮೇಲೆ ಕೇಳಿದೆ.

"ನಿಂಗೆ ಯಾವ್ ಬಣ್ಣ ಕಂಡ್ರೆ ಇಷ್ಟ?"

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಈಗ್ಯಾಕೆ?"

"ಗೊತ್ತಿಲ್ಲ, ಅದ್ಕೇ."

"ಇಪ್ಪತ್ತಾರು ವರ್ಸ ಆಯ್ತಲ್ಲ ಮದ್ವೆಯಾಗಿ."

"ಹ್ಞೂ. ಆಯ್ತು."

ಅಕ್ಕಿ ಆರಿಸಿ ಮುಗಿಸಿದಳು. ನಾನು ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಬಂದು, "ಯೋಚ್ನೆ ಮಾಡಿ ಯೋಳ್ತೀನಿ. ನಂಗೂ ತಕ್ಷಣ್ಕೆ ಗೊತ್ತಾಯ್ತಿಲ್ಲ" ಎಂದಳು.

ಆದ್ದರಿಂದ ಮೇಡಂ, ಬಣ್ಣ ಇನ್ನೂ ತಿಳಿದಿಲ್ಲ. ತಿಳಿದ ಕೂಡಲೇ ಬರೆಯುತ್ತೇನೆ. ಅಲ್ಲಿಯವರೆಗೆ ತಮ್ಮ ವ್ಯಾಪಾರ ಚೆನ್ನಾಗಿ ನಡೆಯಲಿ.

ಪುಟ್ಟರಾಜು

•

ನಂಜನಗೂಡು
24 ಫೆಬ್ರವರಿ 2008

ಪುಟ್ಟರಾಜು ಅವರಿಗೆ,

ನಮಸ್ಕಾರಗಳು. ಇದು ಸರ್ವಮಂಗಳಾ ಸಿಲ್ಕ್ಸ್‌ನ ಕಡೆಯ ಕಾಗದ ಎಂದು ತಿಳಿಯಿರಿ.

ವೆಬ್‌ಸೈಟಿನವರು ಸಂಕ್ರಾಂತಿಯ ಮುಂಚೆಯೇ ನನ್ನ ಪುಟ ಮುಚ್ಚಿದರು. ನನ್ನ ಮಾಲು ಹೆಚ್ಚಾಗಿ ವಾಪಸ್ ಬರುತ್ತಿದೆಯಂತೆ, ಹಾಗಾಗಿ ನಾನು ನಂಬಿಕೆಗೆ ಅರ್ಹಳಲ್ಲವಂತೆ. ಉಟ್ಟು ಕಳಿಸಿದವರು ಯಾರೂ ಅವರ ಲೆಕ್ಕದಲ್ಲಿ ತಪ್ಪು ಮಾಡಿಲ್ಲ. ನಾನು ಉತ್ತರ ಬರೆದೆ, ನಿಮ್ಮ ಸಹಕಾರಕ್ಕೆ ವಂದನೆಗಳು ಎಂದು ಬಂತು. ಆ ದಿನ ಕಂಪ್ಯೂಟರಿನ ಮುಂದೆ ಕೂತೇ ಇದ್ದೆ. ಯಾರ ಮೇಲೆ ಕೂಗಾಡುವುದು ಎಂದೇ ಗೊತ್ತಾಗಲಿಲ್ಲ. ನಿಮ್ಮ ಮೇಲೆ ಕೂಗಾಡಿದ್ದಾದರೂ ಒಬ್ಬ ಮನುಷ್ಯರ ಮೇಲೆ ಕೂಗಾಡಿದ ಹಾಗಿತ್ತು. ಪುಟ ಮುಚ್ಚಿದ್ದು ನಿಮ್ಮಿಂದಾದದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಉಳಿದ ಸೀರೆಗಳನ್ನು ಮೈಸೂರಿನ ಅಂಗಡಿಯವರೊಬ್ಬರು ತೆಗೆದುಕೊಂಡು ಹೋದರು. ಅಮ್ಮನ ಮಂಚ ಮತ್ತೆ ಖಾಲಿಯಾಗಿದೆ. ತಾಂಡ್ಯದಲ್ಲೇ ಬೇರೆ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ವಾರದಿಂದ ಹೋಗಬೇಕು. ಬಸ್ಸಿನಲ್ಲಿ ನಾಲ್ಕು ಜನರ ಮುಖ ನೋಡಬಹುದು.

ಒಂದು ಸೀರೆಯನ್ನು ಮಾತ್ರ ಅಂಗಡಿಯವರಿಗೆ ಕೊಡಲಿಲ್ಲ. ಅವರು ಬರುವ ಹಿಂದಿನ ದಿನ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ಮನೆಗೇ ಬಂದರು. ಒಂದೊಂದನ್ನೂ ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದು ನೋಡಿದರು. ಮಧ್ಯಾಹ್ನವೆಲ್ಲ ನೋಡಿದರು, ನನ್ನ ಜೊತೆಯಲ್ಲೇ ಊಟ ಮಾಡಿದರು. ಕೊನೆಗೆ ಆರಿಸಿದ್ದು ಕಾಫಿಪುಡಿ ಬಣ್ಣದ್ದು. ಆ ಬಣ್ಣವನ್ನು ನನ್ನ ಹತ್ತಿರ ಈವರೆಗೆ ಯಾರೂ ಕೇಳಿರಲಿಲ್ಲ. ಹಾಲು ಮಾರಿದ ಅವರದೇ ದುಡ್ಡಿನಲ್ಲಿ ಕೊಂಡರು. "ಇದು ವಾಪಸ್ ಬರಾಕಿಲ್ಲ ಕಣವ್ವ" ಎಂದು ನಕ್ಕು ಹೋದರು. ಮಾರಿದ ಸೀರೆಗಳಲ್ಲಿ ಅದೊಂದೇ ಮುಖ ಕಂಡು ಮಾರಿದ್ದು.

ನೀವು ಇನ್ನು ಬಣ್ಣ ಬರೆದು ತಿಳಿಸುವುದು ಬೇಡ. ಬನ್ನೂರಿಗೆ ಹೋಗುವುದನ್ನು ಮಾತ್ರ ಬಿಡಬೇಡಿ.

ಸರ್ವಮಂಗಳಾ

•

ತಿ. ನರಸೀಪುರ
18 ಮೇ 2008

ಸರ್ವಮಂಗಳಾ ಮೇಡಂ ಅವರಿಗೆ,

ತಾವು ಅಂಗಡಿ ಮುಚ್ಚಿದ್ದು ತಿಳಿದು ಬಹಳ ಬೇಸರವಾಯಿತು. ಹೊಸ ಕೆಲಸ ಒಗ್ಗಿದೆಯೆಂದು ನಂಬಿದ್ದೇನೆ.

ಈ ಊರಿನಲ್ಲಿ ಇವತ್ತು ನಮ್ಮ ದಾಯಾದಿ ನಿಂಗರಾಜು ಮಗನ ಮದುವೆಯಿತ್ತು. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕಡೆ ನಿಂತಿದ್ದೆ. ಬನ್ನೂರಿನ ವ್ಯಾನಿನಿಂದ ಅವಳು ಇಳಿದಳು. ಮೊದಲು ನನಗೆ ಗುರುತೇ ಹತ್ತಲಿಲ್ಲ. ಕಾಫಿಪುಡಿ ಬಣ್ಣದ ರೇಷ್ಮೆ, ಸಣ್ಣ ಅಂಚು. ನನ್ನ ಕಣ್ಣಿಗೆ ಅದು ಹೆಂಗಸರು ಉಡುವ ಬಣ್ಣವೆಂದೇ ಯಾವತ್ತೂ ಬಿದ್ದಿರಲಿಲ್ಲ. ಆದರೆ ಅವಳು ತಲೆಯೆತ್ತಿ ನಡೆದು ಬರುತ್ತಿದ್ದಳು. ನನ್ನ ತಂಗಿಯೇ ಓಡಿ ಹೋಗಿ ಸೆರಗು ಮುಟ್ಟಿ, "ಅತ್ಗೆ, ಯಾರ್ ಕೊಡ್ಸಿದ್ದು?" ಎಂದು ಕೇಳಿದಳು.

"ಯಾರೂ ಕೊಡುಸ್ನಿಲ್ಲ. ನಾನೇ ತಗಂಡೆ" ಎಂದಳು.

ತಮ್ಮ ಮನೆಗೆ ಬಂದಿದ್ದ ಹೆಂಗಸು ಯಾರೆಂದು ತಾವು ಬರೆದಿರಲಿಲ್ಲ. ನಾನೂ ಈಗ ಕೇಳುವುದಿಲ್ಲ. ಮೂರು ಕೆಂಪು ಸೀರೆಯ ಬಗ್ಗೆ ಕೂಡ ತಮಗೆ ನನಗಿಂತ ಹೆಚ್ಚು ಗೊತ್ತೆಂದು ಅನ್ನಿಸುತ್ತದೆ. ಅದನ್ನೂ ಕೇಳುವುದಿಲ್ಲ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿಯಿತ್ತು, ಅವಳು ಬಂದು ಕೂತಳು. ಬಡಿಸುವವರು ಪಾಯಸ ತಂದಾಗ, "ಅವ್ರಿಗೆ ಬ್ಯಾಡ, ಸಕ್ರೆ ಕಾಯ್ಲೆ" ಎಂದಳು. ಅದು ಅವಳಿಗೆ ಯಾರು ಹೇಳಿದರೋ.

ವ್ಯಾನು ಮೊದಲೇ ಹೋಗಿತ್ತು. ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದೆ. ದಾರಿಯಲ್ಲೇ ಅಂಗಡಿ, ದಾಟಿಕೊಂಡು ಹೋದೆವು. ಮನೆಗೆ ಬಾ ಎಂದು ಬಾಯಿಗೆ ಬಂತು. ಹಾಗೆನ್ನಲಿಲ್ಲ. ಅವಳು ಕಿಟಕಿಯ ಹತ್ತಿರ ಸೀಟು ಹಿಡಿದು ಕೂತಳು. ನಾನು ಕೆಳಗೆ ನಿಂತು, "ಮುಂದಿನ ಗುರುವಾರ ನಾನು ಬನ್ನೂರಿಗೆ ಬರ್ಲಾ?" ಎಂದು ಕೇಳಿದೆ.

ಅಷ್ಟರಲ್ಲಿ ಡ್ರೈವರು ಗಾಡಿ ಸ್ಟಾರ್ಟ್ ಮಾಡಿದ. ಅವಳು ಕಿಟಕಿಯಿಂದ ಬಗ್ಗಿ ಏನೋ ಹೇಳಿದಳು. ಎಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಬಸ್ಸು ತಿರುಗಿ ಹೊರಟುಹೋಯಿತು.

ಬಾ ಅಂದಳೋ, ಬೇಡ ಅಂದಳೋ ಗೊತ್ತಿಲ್ಲ. ಅಂಗಡಿಗೆ ಬಂದು ಬೀಗ ತೆಗೆಯದೆ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಏನು ಹೇಳಿದೆ ಎಂದು ಅವಳನ್ನೇ ಕೇಳಬೇಕು.

ಪುಟ್ಟರಾಜು